ಕಾಲೇಜ್ ಫುಟ್‌ಬಾಲ್ ಪ್ರಶಸ್ತಿ ರಾತ್ರಿಗೆ ವಾಲಂಟಿಯರ್ ಆಗಿ ಹೋದರೆ ಆಟಗಾರರು ಸಿಗುತ್ತಾರೆಯೆ?

ಪ್ರಶ್ನೆ: ಟೆಕ್ಸಾಸ್‌ನಲ್ಲಿ ಎಂ.ಎಸ್. ಓದುತ್ತಿದ್ದೇನೆ, ಎಫ್-1 ವೀಸಾದಲ್ಲಿದ್ದೇನೆ. ಇಲ್ಲಿಗೆ ಬಂದ ಮೇಲೆ ಅಮೆರಿಕನ್ ಫುಟ್‌ಬಾಲ್ ನೋಡುವ ಹುಚ್ಚು ಹಿಡಿದಿದೆ. ಜನವರಿಯಲ್ಲಿ ನಮ್ಮ ಊರಿನಲ್ಲೇ ನಡೆಯುವ ಒಂದು ಕಾಲೇಜ್ ಫುಟ್‌ಬಾಲ್ ಪ್ರಶಸ್ತಿ ಔತಣಕ್ಕೆ ವಾಲಂಟಿಯರ್‌ಗಳು ಬೇಕೆಂದು ಫಾರಂ ಬಂದಿದೆ. ಹೋದರೆ ಆಟಗಾರರನ್ನು ನಿಜವಾಗಿ ಭೇಟಿಯಾಗಬಹುದೆ, ಅಥವಾ ಕುರ್ಚಿ ಜೋಡಿಸಿ ವಾಪಸು ಬರುವುದಷ್ಟೆಯೆ? ಫೋಟೊ, ಆಟೊಗ್ರಾಫ್ ಕೇಳಬಹುದೆ? ವೀಸಾಗೆ ತೊಂದರೆಯಾಗುತ್ತದೆಯೆ?

ಉತ್ತರ: ಸಿಗುತ್ತಾರೆ. ಸ್ಟೇಡಿಯಂನಲ್ಲಿ ಮುಂದಿನ ಸಾಲಿಗೆ ದುಡ್ಡು ಕೊಟ್ಟವರಿಗೂ ಸಿಗದಷ್ಟು ಹತ್ತಿರದಿಂದ ಸಿಗುತ್ತಾರೆ. ಆದರೆ ಯಾರು ಸಿಗುತ್ತಾರೆ, ಎಷ್ಟು ಹೊತ್ತು ಸಿಗುತ್ತಾರೆ ಎಂಬುದು ಆ ಫಾರಂನಲ್ಲಿ ನೀವು ಯಾವ ಕೆಲಸದ ಮುಂದೆ ಟಿಕ್ ಹಾಕುತ್ತೀರಿ ಎಂಬುದನ್ನು ಅವಲಂಬಿಸಿದೆ. 'ಯಾವ ಕೆಲಸವಾದರೂ ಸರಿ' ಎಂದು ಬರೆದವರನ್ನು ಪಾರ್ಕಿಂಗ್‌ಗೋ ಕೋಟು ತೂಗುಹಾಕುವ ಕೌಂಟರಿಗೋ ಕಳಿಸುತ್ತಾರೆ. ಆಟಗಾರರು ಆ ದಾರಿಯಲ್ಲಿ ಬರುವುದೇ ಇಲ್ಲ. ಅವರ ವಾಹನ ಹೋಟೆಲಿನ ಹಿಂಬಾಗಿಲಿಗೆ ಹೋಗುತ್ತದೆ.

ವೀಸಾ ಮಾತನ್ನು ಮೊದಲು ಮುಗಿಸೋಣ. ಇಂಥ ಔತಣಗಳನ್ನು ಬಹುಪಾಲು ಲಾಭದ ಉದ್ದೇಶವಿಲ್ಲದ ಪ್ರತಿಷ್ಠಾನಗಳು ನಡೆಸುತ್ತವೆ. ಅಂಥ ಸಂಸ್ಥೆಗೆ, ಸಾಮಾನ್ಯವಾಗಿ ಸಂಬಳ ಕೊಟ್ಟು ಮಾಡಿಸದ ಕೆಲಸವನ್ನು, ಪ್ರತಿಯಾಗಿ ಏನೂ ಪಡೆಯದೆ ಮಾಡಿಕೊಡುವುದಕ್ಕೆ ಎಫ್-1 ವಿದ್ಯಾರ್ಥಿಗಳಿಗೂ ಎಚ್-4ನಲ್ಲಿ (ಎಚ್-1ಬಿಯವರ ಕುಟುಂಬದ ವೀಸಾ) ಇರುವವರಿಗೂ ಅಡ್ಡಿಯಿಲ್ಲ. ತೊಡಕು ಬರುವುದು ಎರಡು ಕಡೆ. ಕೆಲವೊಮ್ಮೆ ಫಾರಂ ಕಳಿಸುವುದು ಪ್ರತಿಷ್ಠಾನವಲ್ಲ, ಅದರಿಂದ ಗುತ್ತಿಗೆ ಹಿಡಿದ ಈವೆಂಟ್ ಕಂಪನಿ. ಲಾಭಕ್ಕೆ ನಡೆಯುವ ಕಂಪನಿಗೆ ಪುಕ್ಕಟೆ ದುಡಿಯುವುದನ್ನು ಅಲ್ಲಿನ ಕಾರ್ಮಿಕ ಕಾನೂನು ಸ್ವಯಂಸೇವೆ ಎಂದು ಒಪ್ಪುವುದಿಲ್ಲ. ಇನ್ನೊಂದು, ರಾತ್ರಿ ಕೊನೆಗೆ ಪ್ರೀತಿಯಿಂದ ಕೈಗಿಡುವ ಗಿಫ್ಟ್ ಕಾರ್ಡ್. ಟೀ ಶರ್ಟ್, ಅಂದಿನ ಊಟ ಇವು ಪರವಾಗಿಲ್ಲ; ಡಾಲರ್ ಮೊತ್ತ ನಮೂದಾದ ಕಾರ್ಡು ಸಂಭಾವನೆಯಂತೆ ಕಾಣುತ್ತದೆ, ನಯವಾಗಿ ಬೇಡವೆನ್ನಿ. ನಿಮ್ಮ ಕಾಲೇಜಿನಲ್ಲಿ ವಿದೇಶಿ ವಿದ್ಯಾರ್ಥಿಗಳ ವೀಸಾ ನೋಡಿಕೊಳ್ಳುವ ಅಧಿಕಾರಿ, ಅಂದರೆ ಡಿ.ಎಸ್.ಒ.ಗೆ ಒಂದು ಚಿಕ್ಕ ಈಮೇಲ್ ಹಾಕಿ: ಸಂಸ್ಥೆಯ ಹೆಸರು, ಅದು 501(ಸಿ)(3), ಅಂದರೆ ತೆರಿಗೆ ವಿನಾಯಿತಿಯ ಸೇವಾ ಸಂಸ್ಥೆಯ ನೋಂದಣಿಯದ್ದೋ ಅಲ್ಲವೋ, ಏನು ಕೆಲಸ, ಎಷ್ಟು ಗಂಟೆ. ಅವರ ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಹಿನ್ನೆಲೆ ಪರಿಶೀಲನೆಗೆಂದು ಫಾರಂನಲ್ಲಿ ಎಸ್.ಎಸ್.ಎನ್. (ಅಮೆರಿಕದ ಸೋಷಿಯಲ್ ಸೆಕ್ಯೂರಿಟಿ ನಂಬರ್) ಕೇಳಿದ್ದು, ನಿಮಗೆ ಅದಿನ್ನೂ ಬಂದಿಲ್ಲವಾದರೆ ಆ ಜಾಗವನ್ನು ಖಾಲಿ ಬಿಟ್ಟು ಸುಮ್ಮನಿರಬೇಡಿ. ಸಂಯೋಜಕರಿಗೆ ಮೊದಲೇ ಬರೆದು ಪಾಸ್‌ಪೋರ್ಟ್ ಸಾಕೇ ಎಂದು ಕೇಳಿ. ಖಾಲಿ ಬಿಟ್ಟ ಫಾರಂ ಅಲ್ಲೇ ಉಳಿದುಹೋಗುತ್ತದೆ, ಸಮಾರಂಭದ ವಾರ ನಿಮ್ಮ ಬ್ಯಾಡ್ಜ್ ಸಿದ್ಧವಿರುವುದಿಲ್ಲ.

ಎಂಥ ಸಮಾರಂಭ ಎಂದು ತಿಳಿದುಕೊಳ್ಳಿ

ಪ್ರಶಸ್ತಿ ರಾತ್ರಿಗಳಲ್ಲಿ ಎರಡು ಬಗೆ. ಒಂದು ಟಿ.ವಿ.ಗಾಗಿ ನಡೆಯುವುದು. ವರ್ಷದ ಶ್ರೇಷ್ಠ ಕಾಲೇಜ್ ಆಟಗಾರನಿಗೆ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಕೊಡುವ ಹೈಸ್ಮನ್ ಟ್ರೋಫಿ ಇದಕ್ಕೆ ದೊಡ್ಡ ಉದಾಹರಣೆ. 1935ರಿಂದ ನಡೆದುಬಂದಿರುವ ಈ ಪ್ರಶಸ್ತಿಯಲ್ಲಿ ಗೆದ್ದವರ ಹೆಸರು ಹೊರಬೀಳುವುದೇ ಆ ರಾತ್ರಿ. ಹಾಗಾಗಿ ಕಾವಲು ಬಿಗಿ, ಹೊರಗಿನ ಕೈಗಳಿಗೆ ಜಾಗ ಕಡಿಮೆ. ಇನ್ನೊಂದು ಬಗೆ ಊಟದ ಸಮಾರಂಭ, ಇದಕ್ಕೆ ಟೆಕ್ಸಾಸ್ ಶ್ರೀಮಂತ ರಾಜ್ಯ. ಫೋರ್ಟ್‌ವರ್ತ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ಗಳ, ಅಂದರೆ ಚೆಂಡು ಎಸೆದು ತಂಡದ ಆಟ ನಡೆಸುವವರ, ಡೇವಿ ಒಬ್ರಿಯನ್ ಪ್ರಶಸ್ತಿ ಇದೆ. ಟೈಲರ್ ಎಂಬ ಊರಿನಲ್ಲಿ, ಅಲ್ಲೇ ಹುಟ್ಟಿ 1977ರಲ್ಲಿ ಹೈಸ್ಮನ್ ಗೆದ್ದ ಅರ್ಲ್ ಕ್ಯಾಂಬೆಲ್ ಹೆಸರಿನ ಟೈಲರ್ ರೋಸ್ ಪ್ರಶಸ್ತಿ. ಹ್ಯೂಸ್ಟನ್‌ನಲ್ಲಿ ಕೋಚ್‌ಗಳಿಗೆ ಬೇರ್ ಬ್ರಯಂಟ್ ಪ್ರಶಸ್ತಿ. ಬ್ರಯಂಟ್ 1982ರ ಡಿಸೆಂಬರ್ 29ರಂದು ಕೊನೆಯ ಪಂದ್ಯಕ್ಕೆ ಕೋಚ್ ಆಗಿ ನಿಂತು, ನಾಲ್ಕೇ ವಾರದಲ್ಲಿ, 1983ರ ಜನವರಿ 26ರಂದು ಹೃದಯಾಘಾತದಿಂದ ತೀರಿಕೊಂಡರು. ಅವರ ಹೆಸರಿನ ಔತಣವನ್ನು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ನಡೆಸುವುದಕ್ಕೆ ಅದೇ ಕಾರಣ. 1970ರಲ್ಲಿ ಕ್ಯಾನ್ಸರ್‌ಗೆ ಬಲಿಯಾದ ಹೆಸರಾಂತ ಕೋಚ್ ವಿನ್ಸ್ ಲೊಂಬಾರ್ಡಿ ಹೆಸರಿನಲ್ಲಿ ಹ್ಯೂಸ್ಟನ್‌ನ ರೋಟರಿಯವರು ಆರಂಭಿಸಿದ ಪ್ರಶಸ್ತಿಯೂ ಕ್ಯಾನ್ಸರ್ ಸಂಶೋಧನೆಗೆ ನಿಧಿ ಕೂಡಿಸುತ್ತಲೇ ಬೆಳೆದದ್ದು.

ಇದನ್ನೇಕೆ ಇಷ್ಟು ಹೇಳುತ್ತಿದ್ದೇನೆಂದರೆ, ಇಂಥ ಔತಣದ ನಿಯಮಗಳೆಲ್ಲ ಹುಟ್ಟುವುದು ಇಲ್ಲಿಂದಲೇ. ಬಹಳಷ್ಟು ಕಡೆ ಗೆದ್ದವರ ಹೆಸರು ವಾರಗಳ ಹಿಂದೆಯೇ ಗೊತ್ತಾಗಿರುತ್ತದೆ. ಆ ರಾತ್ರಿ ನಡೆಯುವುದು ನಿಧಿ ಸಂಗ್ರಹ. ಆಟಗಾರ ಬಂದಿರುವುದು ದೇಣಿಗೆ ಕೊಟ್ಟು ಇಡೀ ಟೇಬಲ್ ಕಾದಿರಿಸಿದ ದಾನಿಯ ಪಕ್ಕ ಕೂರುವುದಕ್ಕೆ, ಅವರ ಮಕ್ಕಳ ಜೊತೆ ಫೋಟೊಗೆ ನಿಲ್ಲುವುದಕ್ಕೆ. ವಾಲಂಟಿಯರ್ ಒಬ್ಬರು ಅದರಲ್ಲಿ ಹತ್ತು ನಿಮಿಷವನ್ನು ತಾವು ತೆಗೆದುಕೊಂಡರೆ ಅದು ದಾನಿಯ ಪಾಲಿನಿಂದ ಕಿತ್ತ ಹತ್ತು ನಿಮಿಷ. ಇದು ಅರ್ಥವಾದರೆ ಯಾವಾಗ ಮಾತಾಡಬೇಕು, ಯಾವಾಗ ಸರಿದು ನಿಲ್ಲಬೇಕು ಎಂದು ಯಾರೂ ಹೇಳಿಕೊಡಬೇಕಿಲ್ಲ.

ಯಾವ ಕೆಲಸ ಕೇಳಬೇಕು

ಎಸ್ಕಾರ್ಟ್ ಕೆಲಸ ಎಲ್ಲಕ್ಕಿಂತ ಒಳ್ಳೆಯದು. ಒಬ್ಬ ಅತಿಥಿಗೆ ಒಬ್ಬ ವಾಲಂಟಿಯರ್. ಹೋಟೆಲ್ ಲಾಬಿಯಿಂದ ಪತ್ರಕರ್ತರ ಕೋಣೆಗೆ, ಅಲ್ಲಿಂದ ವಿ.ಐ.ಪಿ. ಸ್ವಾಗತಕ್ಕೆ, ಅಲ್ಲಿಂದ ಟೇಬಲ್‌ಗೆ, ಕೊನೆಗೆ ವೇದಿಕೆಯ ಮೆಟ್ಟಿಲಿಗೆ ಕರೆದೊಯ್ಯುವುದು. ಎರಡು ಮೂರು ಗಂಟೆ ಅವರ ಜೊತೆಯಲ್ಲೇ ಇರುತ್ತೀರಿ, ಲಿಫ್ಟಿನಲ್ಲಿ, ಕಾರಿಡಾರಿನಲ್ಲಿ, ಕಾಯುವ ಹೊತ್ತಿನಲ್ಲಿ ಮಾತು ತಾನಾಗಿ ಬರುತ್ತದೆ. ಹೊಸಬರಿಗೆ ಈ ಕೆಲಸ ಮೊದಲ ವರ್ಷವೇ ಸಿಗುವುದು ಅಪರೂಪ, ಆದರೂ ಕೇಳಿ. ಕನ್ನಡ ಕೂಟದ ಯುಗಾದಿಯಲ್ಲೋ ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ'ದ ಸಮ್ಮೇಳನದಲ್ಲೋ ಅತಿಥಿಗಳನ್ನು ನೋಡಿಕೊಂಡ ಅನುಭವವಿದ್ದರೆ ಫಾರಂನಲ್ಲಿ ಅದನ್ನು ಬಿಡಿಸಿ ಬರೆಯಿರಿ: ಎಷ್ಟು ಜನರ ಸಮಾರಂಭ, ಏನು ಜವಾಬ್ದಾರಿ. ಅದು ನಿಜವಾಗಿಯೂ ಇದೇ ಕೆಲಸ.

ಎಸ್ಕಾರ್ಟ್ ಆದರೆ ಮಧ್ಯಾಹ್ನವೇ ದಾರಿಯನ್ನು ಎರಡು ಸಲ ನಡೆದು ನೋಡಿ, ಗಡಿಯಾರ ಹಿಡಿದು. ಒಬ್ಬರೇ ನಡೆದರೆ ನಾಲ್ಕು ನಿಮಿಷದ ದಾರಿ, ಹೆಸರಾಂತ ಕ್ವಾರ್ಟರ್‌ಬ್ಯಾಕ್ ಜೊತೆ ನಡೆದರೆ ಹದಿನೈದು ನಿಮಿಷ. ಲಾಬಿಯ ಲಿಫ್ಟ್ ಬಿಟ್ಟು ಹೋಟೆಲ್ ಸಿಬ್ಬಂದಿಯ ಲಿಫ್ಟ್ ಬಳಸಲು ಅನುಮತಿ ಇದೆಯೇ ಎಂದು ಕೇಳಿಟ್ಟುಕೊಳ್ಳಿ. ನಡೆಯುವಾಗ ಅತಿಥಿಯ ಪಕ್ಕದಲ್ಲಿ, ಅರ್ಧ ಹೆಜ್ಜೆ ಮುಂದೆ ಇರಬೇಕು. ತೀರ ಮುಂದೆ ಹೋದರೆ ಹಿಂದೆ ಅವರನ್ನು ಯಾರೋ ನಿಲ್ಲಿಸಿಕೊಂಡದ್ದು ಗೊತ್ತಾಗುವುದಿಲ್ಲ, ಹಿಂದೆ ಉಳಿದರೆ ದಾರಿ ಅವರೇ ಹುಡುಕಬೇಕಾಗುತ್ತದೆ. ಅಭಿಮಾನಿಗಳು ತಡೆದಾಗ 'ಬೇಡ' ಎಂದು ಹೇಳುವವರು ನೀವಾಗಬೇಕು, ಆಟಗಾರನಲ್ಲ. ವೇದಿಕೆಯವರು ಕಾಯುತ್ತಿದ್ದಾರೆ, ಆಮೇಲೆ ಸಿಗೋಣ ಎಂದು ನಗುನಗುತ್ತ ನೀವೇ ಹೇಳಿ. ಅವನಿಗೆ ಕೆಟ್ಟ ಹೆಸರು ಬರದ ಹಾಗೆ ನೋಡಿಕೊಳ್ಳುವುದು ನಿಮ್ಮ ಕೆಲಸದ ಭಾಗ.

ಆಟಗಾರನ ಜೊತೆ ಅವನ ವಿಶ್ವವಿದ್ಯಾಲಯದ ಕ್ರೀಡಾ ಮಾಹಿತಿ ಅಧಿಕಾರಿ ಬಂದಿರುತ್ತಾರೆ. ಎಲ್ಲರೂ ಎಸ್.ಐ.ಡಿ. ಎನ್ನುತ್ತಾರೆ. ಮೊದಲು ಪರಿಚಯ ಮಾಡಿಕೊಳ್ಳಬೇಕಾದದ್ದು ಅವರನ್ನೇ. ಅವನು ಯಾವಾಗ ಊಟ ಮಾಡಿದ, ಯಾರ ಸಂದರ್ಶನ ಒಪ್ಪಿದ್ದಾನೆ, ತಾಯಿ ತಂದೆ ಯಾವ ಟೇಬಲ್, ಎಲ್ಲ ಅವರಿಗೆ ಗೊತ್ತು. ಅವರ ಫೋನ್ ನಂಬರ್ ನಿಮ್ಮ ಬಳಿ ಇದ್ದರೆ ಅರ್ಧ ಗಲಿಬಿಲಿ ತಪ್ಪುತ್ತದೆ.

ಎರಡನೆಯ ಒಳ್ಳೆಯ ಜಾಗ ಸೈಲೆಂಟ್ ಆಕ್ಷನ್, ಅಂದರೆ ಸಹಿ ಹಾಕಿದ ಹೆಲ್ಮೆಟ್, ಜೆರ್ಸಿ, ಚೆಂಡುಗಳನ್ನು ಟೇಬಲ್ ಮೇಲೆ ಜೋಡಿಸಿ ಫೋನಿನಲ್ಲೇ ಬಿಡ್ ಹಾಕಿಸುವ ಹರಾಜು. ಹಳೆಯ ಆಟಗಾರರು ಇಲ್ಲಿಗೆ ತಾವಾಗಿ ಬರುತ್ತಾರೆ, ತಮ್ಮ ಕಾಲದ ಜೆರ್ಸಿ ಕಂಡರೆ ನಿಂತು ಮಾತಿಗಿಳಿಯುತ್ತಾರೆ. ಆದರೆ ಇಲ್ಲಿ ತಪ್ಪು ಆಗುವುದೂ ಹೆಚ್ಚು. ಹರಾಜು ಮುಗಿದ ಹದಿನೈದು ನಿಮಿಷದಲ್ಲಿ ಗೆದ್ದವರೆಲ್ಲ ಒಟ್ಟಿಗೆ ಬಂದು ನಿಲ್ಲುತ್ತಾರೆ. ಒಂದೇ ತಂಡದ ಎರಡು ಹೆಲ್ಮೆಟ್ ಇದ್ದರೆ ಅದಲುಬದಲಾಗುತ್ತದೆ, ಇಬ್ಬರೂ ಮನೆಗೆ ಹೋದ ಮೇಲೆ ಗೊತ್ತಾಗುತ್ತದೆ. ವಸ್ತುವಿನ ನಂಬರ್, ಬಿಡ್‌ದಾರರ ನಂಬರ್, ಹಣ ಸಂದಾಯದ ರಸೀದಿ ಈ ಮೂರನ್ನೂ ಒಬ್ಬರು ಓದಬೇಕು, ಇನ್ನೊಬ್ಬರು ನೋಡಬೇಕು. ಹೊಳೆಯುವ ಹಾಲೊಗ್ರಾಂ ಸ್ಟಿಕರ್ ಅಂಟಿಸಿದ ವಸ್ತುವಿನ ಪ್ರಮಾಣಪತ್ರ ಅದರ ಜೊತೆಯಲ್ಲೇ ಹೋಗಬೇಕು. ಪತ್ರ ಬೇರೆಯಾದರೆ ಆ ಹೆಲ್ಮೆಟ್ಟಿನ ಬೆಲೆಯೇ ಇಳಿದುಹೋಗುತ್ತದೆ.

ನೋಂದಣಿ ಮೇಜಿನಲ್ಲಿ ಎಲ್ಲರ ಮುಖವೂ ಕಾಣುತ್ತದೆ, ಮಾತಿಗೆ ಮಾತ್ರ ಅರ್ಧ ನಿಮಿಷ. ಪಟ್ಟಿಯನ್ನು ಅಡ್ಡಹೆಸರಿನ ಕ್ರಮದಲ್ಲೂ ಟೇಬಲ್ ನಂಬರಿನ ಕ್ರಮದಲ್ಲೂ ಎರಡು ಪ್ರತಿ ಮಾಡಿಟ್ಟುಕೊಳ್ಳಿ. ಕೊನೆಗಳಿಗೆಯಲ್ಲಿ ಟೇಬಲ್ ಬದಲಾಗದ ಔತಣವೇ ಇಲ್ಲ.

ವೇದಿಕೆ ಪಕ್ಕದ ಕೆಲಸ ಸಿಕ್ಕಿದರೆ ಟ್ರೋಫಿ ಎತ್ತುವ ಕ್ರಮ ಕಲಿತುಕೊಳ್ಳಿ. ಹೈಸ್ಮನ್ ಕಂಚಿನದು, 45 ಪೌಂಡ್, ನಮ್ಮ ಲೆಕ್ಕದಲ್ಲಿ ಸುಮಾರು 20 ಕಿಲೊ. ಬೇರೆ ಪ್ರಶಸ್ತಿಗಳ ತೂಕ ಬೇರೆ ಬೇರೆ, ಆದರೆ ಕ್ರಮ ಒಂದೇ: ಹತ್ತಿಯ ಕೈಗವಸು ಹಾಕಿ, ಎರಡೂ ಕೈ ಪೀಠದ ಅಡಿಗೆ ಕೊಟ್ಟು ಎತ್ತಬೇಕು. ಮೂರ್ತಿಯ ಚಾಚಿದ ಕೈಯನ್ನೋ ಚೆಂಡನ್ನೋ ಹಿಡಿದು ಎತ್ತಬಾರದು. ಬರಿಗೈಯ ಬೆವರಿನ ಗುರುತು ಫ್ಲ್ಯಾಶ್ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಏರ್‌ಪೋರ್ಟ್‌ನಿಂದ ಅತಿಥಿಗಳನ್ನು ಕರೆತರುವ ಡ್ರೈವರ್ ಕೆಲಸ ಮಾತ್ರ ನಿಮಗೆ ಬೇಡ. ಇನ್ಷೂರೆನ್ಸ್‌ನ ಹೊಣೆ ದೊಡ್ಡದು, ವಿದ್ಯಾರ್ಥಿಯ ಹೆಗಲಿಗೆ ಅದು ಭಾರ.

ಹೋಗುವ ಮೊದಲು ಓದಿಕೊಳ್ಳಬೇಕಾದದ್ದು

ಹೆಸರು ಸರಿಯಾಗಿ ಹೇಳಲು ಬಂದರೆ ಅರ್ಧ ಪರಿಚಯ ಆದಂತೆಯೇ. ಪ್ರತಿಯೊಂದು ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿ ಆಟಗಾರರ ಪಟ್ಟಿ ಇರುತ್ತದೆ, ಉಚ್ಚಾರಣೆಯನ್ನೂ ಎಷ್ಟೋ ಕಡೆ ಕೊಟ್ಟಿರುತ್ತಾರೆ. ಪೆಸಿಫಿಕ್ ದ್ವೀಪವಾದ ಸಮೋವ ಮೂಲದ ಆಟಗಾರರು ಈ ಆಟದಲ್ಲಿ ಬಹಳ ಮಂದಿ. ಅವರ ಭಾಷೆಯಲ್ಲಿ ಇಂಗ್ಲಿಷಿನ 'ಜಿ' ಅಕ್ಷರಕ್ಕೆ ನಮ್ಮ 'ಙ'ದ ಧ್ವನಿ. 2018ರಲ್ಲಿ ವರ್ಷದ ಆಟಗಾರನಿಗೆ ಕೊಡುವ ಮ್ಯಾಕ್ಸ್‌ವೆಲ್ ಪ್ರಶಸ್ತಿ ಗೆದ್ದ ಕ್ವಾರ್ಟರ್‌ಬ್ಯಾಕ್ ಟುವಾ ಅವರ ಅಡ್ಡಹೆಸರನ್ನು ಅಕ್ಷರ ನೋಡಿ 'ಟಗೊವೈಲೋವ' ಎಂದು ಓದುತ್ತಾರೆ, ಸರಿಯಾದದ್ದು 'ಟಙೊವೈಲೋವ'. ಅಮೆರಿಕನ್ನರೇ ಎಡವುವ ಈ ಧ್ವನಿ ನಮ್ಮ ವರ್ಣಮಾಲೆಯಲ್ಲೇ ಇದೆ, ಕನ್ನಡದ ನಾಲಗೆಗೆ ಕಷ್ಟವಿಲ್ಲ.

ಯಾವ ಪ್ರಶಸ್ತಿ ಯಾವ ಜಾಗದ ಆಟಗಾರನಿಗೆ ಎಂದು ತಿಳಿದಿರಲಿ. ಡೋಕ್ ವಾಕರ್ ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ಗೆ, ಬಿಲೆಟ್ನಿಕಾಫ್ ಚೆಂಡು ಹಿಡಿಯುವ ರಿಸೀವರ್‌ಗೆ, ಔಟ್‌ಲ್ಯಾಂಡ್ ಚೆಂಡಿನ ಹತ್ತಿರ ಸಾಲುಗಟ್ಟಿ ನಿಲ್ಲುವ ಒಳಸಾಲಿನ ಲೈನ್‌ಮನ್‌ಗೆ, ರಿಮಿಂಗ್ಟನ್ ಆ ಸಾಲಿನ ನಡುವೆ ನಿಂತು ಚೆಂಡನ್ನು ಹಿಂದಕ್ಕೆ ಕೊಡುವ ಸೆಂಟರ್‌ಗೆ, ಬಟ್ಕಸ್ ರಕ್ಷಣಾ ಸಾಲಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್‌ಗೆ, ಜಿಮ್ ಥೋರ್ಪ್ ಅದಕ್ಕೂ ಹಿಂದೆ ನಿಂತು ಪಾಸ್ ತಡೆಯುವ ಡಿಫೆನ್ಸಿವ್ ಬ್ಯಾಕ್‌ಗೆ, ಲೂ ಗ್ರೋಜಾ ಗೋಲಿಗೆ ಒದೆಯುವ ಕಿಕ್ಕರ್‌ಗೆ, ರೇ ಗೈ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಡುವ ಪಂಟರ್‌ಗೆ. ಬ್ರಾಯ್ಲ್ಸ್ ಎಂಬುದು ಸಹಾಯಕ ಕೋಚ್‌ಗಳದ್ದು, 1996ರಿಂದ ಇದೆ. ಬರ್ಲ್ಸ್‌ವರ್ತ್ ಟ್ರೋಫಿಯ ಹಿನ್ನೆಲೆ ತಿಳಿದುಕೊಳ್ಳಲೇಬೇಕಾದದ್ದು. ಬ್ರ್ಯಾಂಡನ್ ಬರ್ಲ್ಸ್‌ವರ್ತ್ ಎಂಬ ಹುಡುಗ ಆರ್ಕನ್ಸಾಸ್ ತಂಡಕ್ಕೆ ವಾಕ್-ಆನ್ ಆಗಿ, ಅಂದರೆ ವಿದ್ಯಾರ್ಥಿವೇತನದ ಆಹ್ವಾನವಿಲ್ಲದೆ ತಾನೇ ಹೋಗಿ ಸೇರಿಕೊಂಡವನು. 1999ರಲ್ಲಿ ವೃತ್ತಿಪರ ತಂಡವೊಂದು ಅವನನ್ನು ಆರಿಸಿಕೊಂಡ ಹನ್ನೊಂದನೆಯ ದಿನ ಕಾರು ಅಪಘಾತದಲ್ಲಿ ತೀರಿಕೊಂಡ. ವಾಕ್-ಆನ್ ಆಗಿ ಆರಂಭಿಸಿ ಮೇಲೆ ಬಂದವರಿಗೆ ಆ ಹೆಸರಿನ ಪ್ರಶಸ್ತಿ. ಅದನ್ನು ಎರಡು ಬಾರಿ ಗೆದ್ದ ಬೇಕರ್ ಮೇಫೀಲ್ಡ್ 2017ರಲ್ಲಿ ಹೈಸ್ಮನ್ ಕೂಡ ಗೆದ್ದರು. ಇಂಥ ಆಟಗಾರನ ಎದುರು 'ನೀವು ವಾಕ್-ಆನ್ ಆಗಿ ಬಂದವರಲ್ಲವೆ' ಎಂದು ಕೇಳಿ ನೋಡಿ. ಯಾರ್ಡುಗಳ ಲೆಕ್ಕ ಹೇಳಿದಾಗ ಬರದ ಬೆಳಕು ಅವನ ಮುಖದಲ್ಲಿ ಬರುತ್ತದೆ.

ಆ ದಿನ

ಕಪ್ಪು ಪ್ಯಾಂಟು, ತೋಳು ಮುಚ್ಚುವ ಅಂಗಿ, ಕಪ್ಪು ಶೂ. ಶೂ ಹಳೆಯದಾಗಿರಲಿ, ಏಳೆಂಟು ಗಂಟೆ ನಿಲ್ಲಬೇಕು. ಯಾವುದೇ ಕಾಲೇಜಿನ ಬಣ್ಣದ ಟೈ, ಟೋಪಿ, ಪಿನ್ ಬೇಡ. ನಿಮ್ಮದೇ ವಿಶ್ವವಿದ್ಯಾಲಯದ್ದಾದರೂ ಬೇಡ. ಟೆಕ್ಸಾಸ್‌ನವರಿಗೆ ಬದ್ಧ ಎದುರಾಳಿ ಒಕ್ಲಹೋಮದ ಕೆಂಪು ಕಂಡರೆ ಏನಾಗುತ್ತದೆ ಎಂದು ನಿಮಗೆ ಗೊತ್ತೇ ಇದೆ, ಎಸ್ಕಾರ್ಟ್ ಆದವರು ಯಾರ ಕಡೆಯವರೂ ಅಲ್ಲ. ಜೇಬಿನಲ್ಲಿ ಇಟ್ಟುಕೊಳ್ಳಬೇಕಾದ್ದು: ಕಾರ್ಯಕ್ರಮದ ನಿಮಿಷವಾರು ಪಟ್ಟಿ, ಎರಡು ಪೆನ್ನು, ಸೇಫ್ಟಿ ಪಿನ್, ಫೋನ್ ಚಾರ್ಜರ್, ಪುದೀನ ಗುಳಿಗೆ, ಒಂದು ಪ್ರೋಟೀನ್ ಬಾರ್. ಬಾರ್ ನಿಮಗಲ್ಲ. ಬೆಳಗಿನಿಂದ ವಿಮಾನ, ಸಂದರ್ಶನ, ಫೋಟೊ ಎಂದು ಓಡಾಡಿದ ಮುನ್ನೂರು ಪೌಂಡಿನ ಲೈನ್‌ಮನ್‌ಗೆ ಸಂಜೆ ಐದಕ್ಕೆ ಹಸಿವಾಗಿರುತ್ತದೆ, ಊಟ ಏಳೂವರೆಗೆ. ಕೊಡುವ ಮೊದಲು ಎಸ್.ಐ.ಡಿ.ಯನ್ನು ಒಮ್ಮೆ ಕೇಳಿ. ಕೆಲವರಿಗೆ ಕಡಲೆಕಾಯಿ ಆಗುವುದಿಲ್ಲ.

ಮೈಕಟ್ಟಿನ ಬಗ್ಗೆ ಇನ್ನೊಂದು ಮಾತು. ಟೇಬಲ್‌ಗಳನ್ನು ಮಾಮೂಲಿ ಲೆಕ್ಕದಲ್ಲಿ, 60 ಇಂಚಿನ ದುಂಡು ಮೇಜಿಗೆ ಎಂಟು ಕುರ್ಚಿ, 72 ಇಂಚಿನದಕ್ಕೆ ಹತ್ತು, ಎಂದು ಹಾಕಿರುತ್ತಾರೆ. ಆರಡಿ ಐದಿಂಚಿನ ಇಬ್ಬರು ಅಕ್ಕಪಕ್ಕ ಕೂತರೆ ಭುಜಕ್ಕೆ ಜಾಗವಿಲ್ಲ. ಜನ ಬರುವ ಮೊದಲೇ ಅವರ ಕುರ್ಚಿಯನ್ನು ವೇದಿಕೆಗೆ ಹೋಗುವ ದಾರಿಯ ಕಡೆಗೆ ಇಟ್ಟು, ಪಕ್ಕದ ಕುರ್ಚಿಗಳನ್ನು ಒಂದೊಂದು ಗೇಣು ಸರಿಸಿ. ಹೆಸರು ಕರೆದಾಗ ಎಂಟು ಜನ ಎದ್ದು ದಾರಿ ಬಿಡಬೇಕಾದ ಪ್ರಸಂಗ ತಪ್ಪುತ್ತದೆ.

ಕೈಕುಲುಕುವಾಗ ಅವರು ಕೊಟ್ಟಷ್ಟೇ ಹಿಡಿಯಿರಿ, ಬಿಗಿಯಾಗಿ ಹಿಸುಕಬೇಡಿ, ಭುಜ ತಟ್ಟಬೇಡಿ. ಇದು ಆಟದ ಋತುವಿನ ಕೊನೆ. ಬೆರಳು ಉಳುಕಿರುತ್ತದೆ, ಭುಜಕ್ಕೆ ಶಸ್ತ್ರಚಿಕಿತ್ಸೆ ಆಗಿರುತ್ತದೆ ಅಥವಾ ಆಗಲಿಕ್ಕಿರುತ್ತದೆ, ಕೋಟಿನ ಒಳಗೆ ಅದು ಕಾಣುವುದಿಲ್ಲ. ನಮ್ಮ ಕಡೆಯ ಪ್ರೀತಿಯಿಂದ ಶಾಲು, ಹಾರ, ಮೈಸೂರು ಪೇಟ ತಂದು ತೊಡಿಸುವ ಮನಸ್ಸಾಗಬಹುದು. ಸಂಘಟಕರ ಒಪ್ಪಿಗೆಯಿಲ್ಲದೆ ಯಾವ ಉಡುಗೊರೆಯೂ ಬೇಡ. ಕಾಲೇಜ್ ಆಟಗಾರನಿಗೆ ಯಾರು ಏನು ಕೊಟ್ಟರು ಎಂಬುದಕ್ಕೆ ಅಲ್ಲಿ ಲೆಕ್ಕ ಇಡುವವರಿದ್ದಾರೆ.

ಫೋಟೊ, ಆಟೊಗ್ರಾಫ್

ಫೋಟೊಗೆ ನಿಯಮ ಒಂದೇ: ಅವನ ಕೆಲಸ ಮುಗಿದಿರಬೇಕು, ನಿಮ್ಮ ಕೆಲಸವೂ ಮುಗಿದಿರಬೇಕು. ಬಹಳ ಕಡೆ ಕೊನೆಯಲ್ಲಿ ವಾಲಂಟಿಯರ್‌ಗಳಿಗೆಂದೇ ಹತ್ತು ನಿಮಿಷ ಗುಂಪು ಫೋಟೊ ಇರುತ್ತದೆ. ಇದೆಯೇ ಎಂದು ತರಬೇತಿಯ ದಿನವೇ ಕೇಳಿ, ಇದ್ದರೆ ಅದಕ್ಕೇ ಕಾಯಿರಿ. ಇಲ್ಲದಿದ್ದರೆ ಲಾಬಿಗೆ ವಾಪಸು ಬಿಟ್ಟು ಬೀಳ್ಕೊಡುವಾಗ ಒಮ್ಮೆ ಕೇಳಬಹುದು. ಕ್ಯಾಮೆರಾ ತೆರೆದು, ಫ್ಲ್ಯಾಶ್ ನೋಡಿ, ಬೇರೆಯವರ ಕೈಗೆ ಫೋನ್ ಕೊಟ್ಟು ಆಮೇಲೆ ಕೇಳಿ. ಸೆಲ್ಫಿ ಬೇಡ, ನಿಮ್ಮ ತೋಳಿನ ಉದ್ದಕ್ಕೆ ಆರೂವರೆ ಅಡಿಯ ಮನುಷ್ಯ ಹಿಡಿಸುವುದಿಲ್ಲ. ತೆಗೆಯುವವರು ಫೋನನ್ನು ಎದೆಯ ಮಟ್ಟದಲ್ಲಿ ಹಿಡಿದು ಸೊಂಟದಿಂದ ಮೇಲಕ್ಕೆ ತೆಗೆದರೆ ಇಬ್ಬರೂ ಸರಿಯಾಗಿ ಬರುತ್ತೀರಿ.

ಆಟೊಗ್ರಾಫ್ ಮಾತು ಈಗ ಮೊದಲಿನಂತಿಲ್ಲ. 2014ರಲ್ಲಿ ಜಾರ್ಜಿಯ ವಿಶ್ವವಿದ್ಯಾಲಯದ ಟಾಡ್ ಗರ್ಲಿ ಸಹಿಗೆ ಹಣ ಪಡೆದನೆಂದು ನಾಲ್ಕು ಪಂದ್ಯ ಹೊರಗೆ ಕೂರಬೇಕಾಯಿತು. 2021ರ ಜುಲೈ 1ರಿಂದ ನಿಯಮ ತಿರುಗಿತು: ತಮ್ಮ ಹೆಸರು, ಚಿತ್ರ, ಸಹಿಯಿಂದ ಕಾಲೇಜ್ ಆಟಗಾರರು ದುಡಿಯಬಹುದು. ಎನ್.ಐ.ಎಲ್. ಎಂದು ಎಲ್ಲರ ಬಾಯಲ್ಲಿರುವುದು ಇದೇ. ಈಗ ಸಹಿ ಎಂದರೆ ಅವನ ದುಡಿಮೆ. ಸಂಗ್ರಹ ವಸ್ತುಗಳ ಕಂಪನಿಯೊಂದಕ್ಕೇ ಸಹಿ ಮಾಡಿಕೊಡುತ್ತೇನೆ ಎಂದು ಒಪ್ಪಂದ ಮಾಡಿಕೊಂಡಿದ್ದರೆ, ನಿಮಗೆ ಇಲ್ಲವೆನ್ನುವುದು ಅಹಂಕಾರದಿಂದಲ್ಲ, ಒಪ್ಪಂದ ಉಳಿಸಿಕೊಳ್ಳುವುದಕ್ಕೆ. ಅನೇಕ ಸಮಾರಂಭಗಳಲ್ಲಿ ವಾಲಂಟಿಯರ್‌ಗಳು ಸಹಿ ಕೇಳಕೂಡದು ಎಂದೇ ಬರೆಸಿಕೊಳ್ಳುತ್ತಾರೆ. ಅಲ್ಲಿ ಕೇಳಬೇಡಿ, ಅಷ್ಟೆ. ಸಿಕ್ಕಿಬಿದ್ದವರ ಬ್ಯಾಡ್ಜ್ ಅಲ್ಲೇ ಕಳಚುತ್ತಾರೆ.

ಅನುಮತಿ ಇದ್ದ ಕಡೆ ಒಂದೇ ವಸ್ತು ಹಿಡಿದು ಹೋಗಿ. ಐದು ಖಾಲಿ ಚೆಂಡು ಹಿಡಿದವರನ್ನು ಮಾರಾಟಗಾರರೆಂದೇ ತಿಳಿಯುತ್ತಾರೆ. 'ನನ್ನ ಹೆಸರು ಬರೆದು ಸಹಿ ಮಾಡಿ' ಎಂದು ಕೇಳಿದರೆ ಬಹುತೇಕರು ಒಪ್ಪುತ್ತಾರೆ, ಏಕೆಂದರೆ ಹೆಸರಿರುವ ಸಹಿಗೆ ಮರುಮಾರಾಟದ ಬೆಲೆ ಕಡಿಮೆ, ಇದು ಅಭಿಮಾನಿಯ ಕೋರಿಕೆ ಎಂದು ಅವರಿಗೆ ಗೊತ್ತಾಗುತ್ತದೆ. ನಮ್ಮ ಹೆಸರುಗಳು ಅವರಿಗೆ ತೊಡಕು. ಸ್ಟಿಕ್ಕಿ ಚೀಟಿಯ ಮೇಲೆ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ಬರೆದು ವಸ್ತುವಿಗೆ ಅಂಟಿಸಿ ಕೊಡಿ.

ಪೆನ್ನಿನಲ್ಲೇ ಹೆಚ್ಚು ಸಹಿಗಳು ಕೆಡುತ್ತವೆ. ಬಿಳಿ ಪಟ್ಟಿಯ ಚೆಂಡಿಗೂ ಬಿಳಿ ಹೆಲ್ಮೆಟ್ಟಿಗೂ ಕಪ್ಪು ಅಥವಾ ನೀಲಿ ಶಾರ್ಪಿ ಮಾರ್ಕರ್. ಕಡು ಬಣ್ಣದ ಹೆಲ್ಮೆಟ್ಟಿಗೆ, ಕಂದು ಚರ್ಮದ ಚೆಂಡಿಗೆ ಬೆಳ್ಳಿ ಬಣ್ಣದ ಪೇಂಟ್ ಪೆನ್. ಪೇಂಟ್ ಪೆನ್ನನ್ನು ಚೆನ್ನಾಗಿ ಅಲುಗಾಡಿಸಿ, ಬೇರೆ ಕಾಗದದ ಮೇಲೆ ತುದಿ ಒತ್ತಿ ಬಣ್ಣ ಹರಿಯಲು ಶುರುವಾದ ಮೇಲೆಯೇ ಕೊಡಬೇಕು. ಇಲ್ಲದಿದ್ದರೆ ಮೊದಲ ಅಕ್ಷರಕ್ಕೇ ದೊಡ್ಡ ಹನಿ ಬಿದ್ದು ಸಹಿ ಹರಡಿಹೋಗುತ್ತದೆ. ಆರಲು ಹತ್ತು ನಿಮಿಷವಾದರೂ ಬಿಡಿ, ಚೀಲಕ್ಕೆ ಹಾಕಬೇಡಿ. ಜೆರ್ಸಿಯಾದರೆ ಅಂಕಿಯ ಕೆಳಗೆ ರಟ್ಟು ಇಟ್ಟು ಬಟ್ಟೆಯನ್ನು ಬಿಗಿ ಹಿಡಿದುಕೊಳ್ಳಿ, ಸಡಿಲ ಬಟ್ಟೆಯ ಮೇಲೆ ಪೆನ್ನು ತಡೆಯುತ್ತದೆ. ಹೊಳಪು ಫೋಟೊದಲ್ಲಿ ಸಹಿ ಎಲ್ಲಿ ಬೇಕೆಂದು ಮೊದಲೇ ನೋಡಿಟ್ಟುಕೊಂಡು ತಿಳಿಬಣ್ಣದ ಜಾಗ ತೋರಿಸಿ. ಮನೆಯಲ್ಲಿ ಕಿಟಕಿಯ ಬಿಸಿಲು ಬೀಳುವ ಕಡೆ ಇಟ್ಟರೆ ಶಾರ್ಪಿಯ ಶಾಯಿ ಕೆಲವೇ ವರ್ಷದಲ್ಲಿ ಮಾಸುತ್ತದೆ.

ಬಾಯಿಗೆ ಬರಬಾರದ ಪ್ರಶ್ನೆಗಳು

ಗಾಯ ಹೇಗಿದೆ, ಮುಂದಿನ ವರ್ಷ ಇದೇ ಕಾಲೇಜೋ ಬೇರೆಯೋ, ಡ್ರಾಫ್ಟಿಗೆ (ವೃತ್ತಿಪರ ತಂಡಗಳು ಆಟಗಾರರನ್ನು ಆರಿಸಿಕೊಳ್ಳುವ ಸರದಿಗೆ) ಹೋಗುತ್ತೀಯಾ, ಈ ಮೂರನ್ನು ಕೇಳಬೇಡಿ. ಮನೆಯವರಂತೆ ಕಾಳಜಿಯಿಂದ ಕೇಳಿದರೂ ಬೇಡ. 2018ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಅಮೆರಿಕದ ಹಲವು ರಾಜ್ಯಗಳಲ್ಲಿ ಕ್ರೀಡಾ ಬೆಟ್ಟಿಂಗ್ ಕಾನೂನುಬದ್ಧ. ಮೊಣಕಾಲು ಇನ್ನೂ ನೋಯುತ್ತಿದೆ ಎಂಬ ಒಂದು ವಾಕ್ಯಕ್ಕೆ ಹಣದ ಬೆಲೆ ಇದೆ, ಬೆಟ್ಟಿಂಗ್‌ಗೆ ಮಾಹಿತಿ ಒದಗಿಸಿದ ಆಟಗಾರನ ಮೇಲೆ ಕಾಲೇಜ್ ಕ್ರೀಡೆಗಳ ಆಡಳಿತ ಸಂಸ್ಥೆ ಎನ್.ಸಿ.ಎ.ಎ. ಕ್ರಮ ಕೈಗೊಳ್ಳುತ್ತದೆ. ನಿಮ್ಮ ಕಿವಿಗೆ ಅಕಸ್ಮಾತ್ ಬಿದ್ದದ್ದನ್ನೂ ರೂಮ್‌ಮೇಟ್‌ಗೆ ಹೇಳಬೇಡಿ, ವಾಟ್ಸಾಪ್ ಗುಂಪಿಗೆ ಹಾಕಬೇಡಿ. 'ನಮ್ಮ ಯೂನಿವರ್ಸಿಟಿಗೆ ಬಂದುಬಿಡಿ' ಎಂದು ತಮಾಷೆಗೂ ಹೇಳಬಾರದು. ಬೇರೆ ತಂಡದ ಆಟಗಾರನನ್ನು ಸೆಳೆಯುವುದು ತಪ್ಪು, ಆ ಮಾತು ನಿಮ್ಮ ವಿಶ್ವವಿದ್ಯಾಲಯದ ತಲೆಗೆ ಬರುತ್ತದೆ.

ಹಳೆಯ ಆಟಗಾರರ ಹತ್ತಿರ ಬೇರೆ ಎಚ್ಚರ ಬೇಕು. 'ಆ ಪಂದ್ಯ ನೆನಪಿದೆಯೆ' ಎಂದು ಕೇಳಬೇಡಿ. ತಲೆಗೆ ಪೆಟ್ಟು ತಿಂದು ಆಡಿದ ತಲೆಮಾರು ಅದು, ಕೆಲವರಿಗೆ ನೆನಪು ಕೈಕೊಡುತ್ತದೆ, ನಾಲ್ಕು ಜನರ ಮುಂದೆ ತಡವರಿಸುವುದು ಅವರಿಗೆ ನೋವು. ಅದರ ಬದಲು ನೀವೇ ಹೇಳಿ: 'ನಿಮ್ಮ ಆ ಓಟವನ್ನು ಯೂಟ್ಯೂಬ್‌ನಲ್ಲಿ ನೋಡಿದ್ದೇನೆ ಸರ್.' ನೆನಪಿದ್ದರೆ ಅವರೇ ಮುಂದುವರಿಸುತ್ತಾರೆ. ಮೆಟ್ಟಿಲು ಹತ್ತುವ ಮೊದಲು ಲಿಫ್ಟ್ ಎಲ್ಲಿದೆ ಎಂದು ತೋರಿಸಿ. ಎರಡೂ ಮಂಡಿ ಬದಲಾಯಿಸಿಕೊಂಡವರು ಬಾಯಿಬಿಟ್ಟು ಕೇಳುವುದಿಲ್ಲ. ಕರೆಯುವುದು ಆಟಗಾರನನ್ನಾದರೆ ಹೆಸರಿಗೆ ಮಿಸ್ಟರ್ ಸೇರಿಸಿ, ಕೋಚನ್ನಾದರೆ 'ಕೋಚ್' ಎಂದು. ನಿವೃತ್ತರಾಗಿ ಎಷ್ಟು ವರ್ಷವಾದರೂ ಅವರು ಕೋಚ್ ಆಗಿಯೇ ಇರುತ್ತಾರೆ.

ಯಾರ ಜೊತೆ ಮಾತಾಡುವುದು ಲಾಭ

ಎಲ್ಲರೂ ಆ ವರ್ಷದ ಕ್ವಾರ್ಟರ್‌ಬ್ಯಾಕ್ ಸುತ್ತ ಮುತ್ತಿಕೊಂಡಿರುತ್ತಾರೆ. ಅದೇ ಹೊತ್ತಿಗೆ ಸಹಾಯಕ ಕೋಚ್ ಒಬ್ಬರು ಕಾಫಿ ಹಿಡಿದು ಒಂಟಿಯಾಗಿ ನಿಂತಿರುತ್ತಾರೆ. ಆಟ ಕಲಿಯುವ ಆಸೆ ನಿಮಗಿದ್ದರೆ ಅಲ್ಲಿಗೆ ಹೋಗಿ. ಕ್ರಿಕೆಟ್ಟಿನ ಊರಿನಿಂದ ಬಂದವನು, ಲೈನ್‌ಮನ್ ಮೊದಲ ಹೆಜ್ಜೆ ಯಾಕೆ ಹಿಂದಕ್ಕೆ ಇಡುತ್ತಾನೆ ಎಂದು ಅರ್ಥವಾಗಿಲ್ಲ ಎಂದು ಕೇಳಿದರೆ, ಊಟದ ಮೇಜಿನ ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ ಸರಿಸಿ ತೋರಿಸಿಕೊಡುವವರು ಇವರು. ಸೆಂಟರ್, ಅವನ ಪಕ್ಕದ ಗಾರ್ಡ್ ಜಾಗದ ಹುಡುಗರಿಗೂ ಮಾತಾಡಿಸುವವರು ಕಡಿಮೆ. ಅವರ ಪ್ರಶಸ್ತಿಯ ಹೆಸರು ಹೇಳಿ ಅಭ್ಯಾಸದ ಬಗ್ಗೆ ಒಂದು ಪ್ರಶ್ನೆ ಕೇಳಿ.

ಮತ್ತೆ ತಾಯಿ ತಂದೆ. ಹೊಸ ಬಟ್ಟೆ ಹಾಕಿಕೊಂಡು, ಯಾರ ಪರಿಚಯವೂ ಇಲ್ಲದೆ, ಮಗ ಎಲ್ಲಿ ಹೋದ ಎಂದು ನೋಡುತ್ತ ಕೂತಿರುತ್ತಾರೆ. ಅವರಿಗೆ ನೀರು ತಂದುಕೊಡಿ, ಮಗ ವೇದಿಕೆ ಹತ್ತುವ ನಿಮಿಷ ತಿಳಿಸಿ, ಅವರ ಫೋನಿನಲ್ಲೇ ಅವನ ವಿಡಿಯೊ ತೆಗೆದುಕೊಡಿ. ಅಡ್ಡವಾಗಿ ಹಿಡಿದು, ಹೆಸರು ಕೂಗುವ ಹತ್ತು ಸೆಕೆಂಡ್ ಮೊದಲೇ ಶುರು ಮಾಡಿ. ಆಮೇಲೆ ಮಗನಿಗೆ ನಿಮ್ಮನ್ನು ಪರಿಚಯಿಸುವವರು ಅವರೇ, ಆ ಪರಿಚಯಕ್ಕೆ ಯಾವ ಬ್ಯಾಡ್ಜೂ ಸಮ ಬರುವುದಿಲ್ಲ.

ರಾತ್ರಿ ಹಾಕುವ ಪೋಸ್ಟಿನಲ್ಲಿ ಹೋಟೆಲಿನ ಹೆಸರು, ಕೋಣೆ, ಅವರು ಹೊರಡುವ ಹೊತ್ತು ಬರದಂತೆ ನೋಡಿಕೊಳ್ಳಿ. ಅತಿಥಿಗಳೆಲ್ಲ ಊರು ಬಿಟ್ಟ ಮೇಲೆ ಹಾಕಿದರೆ ಇನ್ನೂ ಒಳ್ಳೆಯದು. ಮೇಜಿನ ಬಟ್ಟೆ ಮಡಚುವವರೆಗೆ ಉಳಿದು, ರೇಡಿಯೊ, ಬ್ಯಾಡ್ಜ್ ವಾಪಸು ಕೊಟ್ಟು, ಸಂಯೋಜಕರ ಮುಖ ನೋಡಿ ಹೊರಡಿ. ಎರಡು ದಿನದೊಳಗೆ ಅವರಿಗೆ ಈಮೇಲ್ ಬರೆದು, ಯಾವ ಕಡೆ ಜನ ಸಿಕ್ಕಿಹಾಕಿಕೊಂಡರು, ಯಾವ ಪಟ್ಟಿಯಲ್ಲಿ ಹೆಸರು ತಪ್ಪಿತ್ತು ಎಂದು ನೀವು ಕಂಡದ್ದನ್ನು ನಾಲ್ಕು ಸಾಲಿನಲ್ಲಿ ತಿಳಿಸಿ, ಮುಂದಿನ ವರ್ಷ ಎಸ್ಕಾರ್ಟ್ ಕೆಲಸ ಬೇಕೆಂದು ಅದೇ ಪತ್ರದಲ್ಲಿ ಕೇಳಿಬಿಡಿ. ಮುಂದಿನ ಪಟ್ಟಿ ಮಾಡುವಾಗ ಅವರು ಮೊದಲು ತೆರೆದು ನೋಡುವುದು ಆ ಈಮೇಲ್‌ಗಳನ್ನೇ.